ತೋರುವ ದೂರ ಬೇರೆ, ಬ್ಯಾಟರಿಯ ಸವಕಳಿ ಬೇರೆ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ವ್ಯಾಪಾರ ವ್ಯವಹಾರಗಳಿಗೆ ಇಂದಿಗೂ ಕಲಬುರಗಿಯೇ ಕೇಂದ್ರ. ತೊಗರಿಯ ಧಾರಣೆ ವಿಚಾರಿಸಲು, ದಾಲ್ ಮಿಲ್‌ಗಳೊಡನೆ ಲೆಕ್ಕ ಚುಕ್ತಾ ಮಾಡಲು, ಬ್ಯಾಂಕಿನ ಕೆಲಸಕ್ಕೆ, ತೆರಿಗೆ ಸಲಹೆಗಾರರ ಭೇಟಿಗೆ ಎಂದು ಬೆಳಿಗ್ಗೆ ಜಿಲ್ಲಾ ಕೇಂದ್ರಕ್ಕೆ ಹೊರಟು ಸಂಜೆಗೆ ಊರು ಸೇರುವುದು ಇಲ್ಲಿನ ವರ್ತಕರ ರೂಢಿ. ಹೋಗಿಬರುವ ದಾರಿ ಆಳಂದ ಮತ್ತು ಜೇವರ್ಗಿಗಳಿಂದ ಸುಮಾರು 80 ಕಿ.ಮೀ., ಅಫಜಲಪುರದಿಂದ ಸುಮಾರು 120 ಕಿ.ಮೀ. ದಾರಿ ಗೊತ್ತಿರುವುದು, ದೂರ ಗೊತ್ತಿರುವುದು, ರಾತ್ರಿ ಕಾರು ಮನೆಯ ಮುಂದೆಯೇ ನಿಲ್ಲುವುದು. ವಿದ್ಯುತ್ ಕಾರಿಗೆ ಇದಕ್ಕಿಂತ ಹೊಂದುವ ಬಳಕೆ ಬೇರೊಂದಿಲ್ಲ.

ಆದರೂ ಖರೀದಿಯ ಮಾತು ಬಂದಾಗ ವರ್ತಕರು ಹಿಂಜರಿಯುತ್ತಾರೆ. ಈ ಹಿಂಜರಿಕೆಯ ಹಿಂದೆ ಎರಡು ಪ್ರಶ್ನೆಗಳಿವೆ. ಒಂದು, ಕಾರು ತೋರಿಸುವಷ್ಟು ದೂರ ನಿಜವಾಗಿ ಓಡುತ್ತದೆಯೇ? ಎರಡು, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ? ಈ ಎರಡೂ ನ್ಯಾಯವಾದ ಪ್ರಶ್ನೆಗಳೇ. ತೊಡಕಿರುವುದು ಇವೆರಡನ್ನೂ ಒಂದೇ ಪ್ರಶ್ನೆಯೆಂದು ತಿಳಿಯುವುದರಲ್ಲಿ. ಮುಂಫಲಕದಲ್ಲಿ ಕಾಣುವ ದೂರದ ಅಂಕಿ ಕಡಿಮೆಯಾದರೆ ಬ್ಯಾಟರಿ ಸವೆಯಿತೆಂದು ಗಾಬರಿಯಾಗುವುದು, ಅಂಕಿ ಇಳಿಯದಿದ್ದರೆ ಬ್ಯಾಟರಿ ಗಟ್ಟಿಯಾಗಿದೆಯೆಂದು ನಂಬುವುದು, ಈ ಎರಡೂ ತಪ್ಪು ಎಣಿಕೆಗಳು. ತೊಗರಿಯ ರಾಶಿಯನ್ನು ಕಣ್ಣಳತೆಯಲ್ಲಿ ಕೊಳ್ಳದ ವರ್ತಕ ಲಕ್ಷಾಂತರ ರೂಪಾಯಿಯ ಬ್ಯಾಟರಿಯನ್ನು ಕಣ್ಣಳತೆಯಲ್ಲಿ ಏಕೆ ಕೊಳ್ಳಬೇಕು ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಮೂರು ಅಂಕಿಗಳು

ವಿದ್ಯುತ್ ಕಾರಿನ ವಿಷಯದಲ್ಲಿ ದೂರಕ್ಕೆ ಸಂಬಂಧಿಸಿದಂತೆ ಮೂರು ಬೇರೆ ಬೇರೆ ಅಂಕಿಗಳಿವೆ. ಮೊದಲನೆಯದು ಜಾಹೀರಾತಿನ ಅಂಕಿ. ಇದು ಪ್ರಯೋಗಾಲಯದಲ್ಲಿ, ಹದವಾದ ಉಷ್ಣಾಂಶದಲ್ಲಿ, ಉರುಳೆಗಳ ಮೇಲೆ ಕಾರನ್ನು ನಿಗದಿತ ಕ್ರಮದಲ್ಲಿ ಓಡಿಸಿ ಪಡೆದ ಫಲಿತಾಂಶ. ಭಾರತದಲ್ಲಿ ಇದಕ್ಕೆ ಬಳಸುವ ಕ್ರಮವನ್ನು ಎಂಐಡಿಸಿ ಎನ್ನುತ್ತಾರೆ. ಇದರ ಮೊದಲ ಭಾಗ ನಗರದೊಳಗಿನ ನಿಧಾನ ಸಂಚಾರವನ್ನು ಹೋಲುತ್ತದೆ. ಇದರಲ್ಲಿ ವೇಗ ಗಂಟೆಗೆ 50 ಕಿ.ಮೀ. ಮೀರುವುದಿಲ್ಲ. ಎರಡನೆಯ ಭಾಗದಲ್ಲಿ ವೇಗ 90 ಕಿ.ಮೀ.ವರೆಗೆ ಏರುತ್ತದೆ. ಬಹುಕಾಲ ವಿದ್ಯುತ್ ಕಾರುಗಳ ಜಾಹೀರಾತಿನಲ್ಲಿ ಮೊದಲ ಭಾಗದ ಫಲಿತಾಂಶವೊಂದೇ ಕಾಣಿಸುತ್ತಿತ್ತು. 2024ರಲ್ಲಿ ಎರಡೂ ಭಾಗಗಳನ್ನು ಸೇರಿಸಿ ಘೋಷಿಸುವ ಪದ್ಧತಿ ಬಂದಿತು.

ಇದರ ಪರಿಣಾಮವೇನಾಯಿತೆಂಬುದು ಗಮನಾರ್ಹ. 40.5 ಯೂನಿಟ್ ಬ್ಯಾಟರಿಯ ಟಾಟಾ ನೆಕ್ಸಾನ್ ಕಾರಿನ ಘೋಷಿತ ದೂರ 465 ಕಿ.ಮೀ.ನಿಂದ 390 ಕಿ.ಮೀ.ಗೆ ಇಳಿಯಿತು. 55 ಯೂನಿಟ್‌ನ ಕರ್ವ್ ಕಾರಿನದು 585ರಿಂದ 502 ಕಿ.ಮೀ.ಗೆ ಇಳಿಯಿತು. ಕಾರು ಅದೇ, ಬ್ಯಾಟರಿ ಅದೇ, ಬದಲಾದದ್ದು ಅಳೆಯುವ ಕ್ರಮ ಮಾತ್ರ. ಅದೇ ನೆಕ್ಸಾನ್ ಕಾರು ನಾಲ್ವರಲ್ಲಿ ಮೂವರು ಗ್ರಾಹಕರ ಬಳಕೆಯಲ್ಲಿ 290ರಿಂದ 310 ಕಿ.ಮೀ. ಓಡಬಲ್ಲದೆಂದು ತಯಾರಕರೇ ಪ್ರತ್ಯೇಕವಾಗಿ ತಿಳಿಸಿದ್ದರು. ಒಂದೇ ವಸ್ತುವಿಗೆ 465, 390 ಮತ್ತು 300 ಎಂಬ ಮೂರು ಅಳತೆಗಳಿರುವಾಗ ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದನ್ನು ಕೊಳ್ಳುವವನೇ ತಿಳಿದಿರಬೇಕಾಗುತ್ತದೆ. ಇಲ್ಲಿ ಯೂನಿಟ್ ಎಂದರೆ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಅದೇ ಯೂನಿಟ್, ಅಂದರೆ ಒಂದು ಕಿಲೋವ್ಯಾಟ್ ಗಂಟೆ.

ಎರಡನೆಯ ಅಂಕಿ ಕಾರಿನ ಮುಂಫಲಕದಲ್ಲಿ ಕಾಣುವುದು. ಮೂರನೆಯದು ಕಾರು ವಾಸ್ತವವಾಗಿ ಓಡುವ ದೂರ. ಮುಂಫಲಕದ ಅಂಕಿಯು ಅಳತೆಯಲ್ಲ, ಅಂದಾಜು. ಬ್ಯಾಟರಿಯಲ್ಲಿ ಉಳಿದಿರುವ ಯೂನಿಟ್‌ಗಳನ್ನು ಕಾರಿನೊಳಗಿನ ಗಣಕವು ಅಂದಾಜು ಮಾಡಿ, ಇತ್ತೀಚಿನ ಓಡಾಟದಲ್ಲಿ ಕಿಲೋಮೀಟರಿಗೆ ಎಷ್ಟು ವಿದ್ಯುತ್ ಖರ್ಚಾಯಿತೆಂಬುದರಿಂದ ಭಾಗಿಸಿ ಈ ಅಂಕಿಯನ್ನು ತೋರಿಸುತ್ತದೆ. ನಿನ್ನೆಯ ಖರ್ಚಿನಂತೆಯೇ ನಾಳೆಯ ಖರ್ಚೂ ಇರುವುದೆಂಬ ಊಹೆ ಇದರ ಆಧಾರ.

ಉದಾಹರಣೆಗೆ, ಬಳಕೆಗೆ ದೊರೆಯುವ ಬ್ಯಾಟರಿ 30 ಯೂನಿಟ್ ಎಂದು ಭಾವಿಸಬಹುದು. ಕಲಬುರಗಿಯ ಪೇಟೆಯೊಳಗೆ ಒಂದು ವಾರ ನಿಧಾನವಾಗಿ ಓಡಾಡಿದ ಕಾರು 100 ಕಿ.ಮೀ.ಗೆ 12 ಯೂನಿಟ್ ಖರ್ಚು ಮಾಡಿದ್ದರೆ, ಪೂರ್ಣ ಚಾರ್ಜಿನ ನಂತರ ಅದು 250 ಕಿ.ಮೀ. ಎಂದು ತೋರಿಸುತ್ತದೆ. ಅದೇ ಕಾರು ಹೈದರಾಬಾದಿಗೆ ವೇಗವಾಗಿ ಹೋಗಿಬಂದು 100 ಕಿ.ಮೀ.ಗೆ 16 ಯೂನಿಟ್ ಸುಟ್ಟಿದ್ದರೆ, ಮರುದಿನ ಪೂರ್ಣ ಚಾರ್ಜಿಗೆ 187 ಕಿ.ಮೀ. ಎಂದು ತೋರಿಸುತ್ತದೆ. ಬ್ಯಾಟರಿಯಲ್ಲಿ ಒಂದು ಯೂನಿಟ್ ಕೂಡ ಕಡಿಮೆಯಾಗಿಲ್ಲ. ಆದರೂ ಮಾಲೀಕನ ಕಣ್ಣಿಗೆ ಒಂದು ವಾರದಲ್ಲಿ 63 ಕಿ.ಮೀ. ನಷ್ಟವಾದಂತೆ ಕಾಣುತ್ತದೆ.

ಬೇಸಿಗೆಯ ಪಾತ್ರವೂ ಸಣ್ಣದಲ್ಲ. ಈ ಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸತೇನಲ್ಲ. ಕಾರಿನೊಳಗಿನ ಎ.ಸಿ. ಆಗ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ಎಳೆದರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಕಾರಿಗೆ 100 ಕಿ.ಮೀ.ಗೆ ಎರಡೂವರೆ ಯೂನಿಟ್ ಹೆಚ್ಚುವರಿ ಖರ್ಚು ಬೀಳುತ್ತದೆ. 13 ಯೂನಿಟ್ ಇದ್ದ ಖರ್ಚು 15.5ಕ್ಕೆ ಏರುತ್ತದೆ, 230 ಕಿ.ಮೀ. ಓಡುತ್ತಿದ್ದ ಕಾರು 193 ಕಿ.ಮೀ.ಗೆ ನಿಲ್ಲುತ್ತದೆ. ವೇಗ ಹೆಚ್ಚಿದಂತೆ ಗಾಳಿಯ ಎದುರೊತ್ತಡವು ವೇಗದ ವರ್ಗದ ಪ್ರಮಾಣದಲ್ಲಿ ಏರುವುದರಿಂದ, 60ರ ಬದಲು 90ರ ವೇಗದಲ್ಲಿ ಹೋದರೆ ಆ ಒತ್ತಡ ಎರಡೂಕಾಲು ಪಟ್ಟಾಗುತ್ತದೆ. ಮಳೆಗಾಲ ಬಂದು ತಂಪಾದೊಡನೆ ಅಂಕಿ ಮತ್ತೆ ಮೇಲೇರುತ್ತದೆ. ಹೀಗೆ ಏರಿಳಿಯುವುದು ಖರ್ಚಿನ ಲೆಕ್ಕ, ಸವಕಳಿಯ ಲೆಕ್ಕವಲ್ಲ.

ಸವಕಳಿಯ ನಿಜಸ್ವರೂಪ

ಸವಕಳಿ ಎಂಬ ಮಾತು ವರ್ತಕರಿಗೆ ಹೊಸದಲ್ಲ. ಯಂತ್ರಕ್ಕೆ, ಕಟ್ಟಡಕ್ಕೆ, ವಾಹನಕ್ಕೆ ವರ್ಷವರ್ಷವೂ ಸವಕಳಿ ತೆಗೆಯುವುದು ಲೆಕ್ಕಪತ್ರದ ನಿಯಮ. ಬ್ಯಾಟರಿಯ ಸವಕಳಿಯೂ ಇದೇ ಬಗೆಯದು, ಆದರೆ ಪುಸ್ತಕದಲ್ಲಿ ಮಾತ್ರವಲ್ಲದೆ ವಸ್ತುವಿನಲ್ಲಿಯೇ ನಡೆಯುತ್ತದೆ. ಕರ್ನಾಟಕಕ್ಕೆ ಇದರ ಅನುಭವ ಮೊದಲೇ ಆಗಿದೆ. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದ ರೇವಾ ಕಾರು ಸೀಸ-ಆಮ್ಲದ ಬ್ಯಾಟರಿಗಳಿಂದ ಓಡುತ್ತಿತ್ತು. ಒಂದು ಚಾರ್ಜಿಗೆ 80 ಕಿ.ಮೀ. ಎಂಬುದು ಅದರ ಘೋಷಿತ ದೂರ. ಅಂಥ ಬ್ಯಾಟರಿಗಳನ್ನು ಕೆಲವೇ ವರ್ಷಗಳಲ್ಲಿ ಬದಲಾಯಿಸಬೇಕಾಗುತ್ತಿತ್ತು. ಬ್ಯಾಟರಿಯೆಂದರೆ ಬೇಗ ಕೆಡುವ ವಸ್ತು ಎಂಬ ಭಾವನೆ ಜನರಲ್ಲಿ ಬೇರೂರಲು ಸೀಸ-ಆಮ್ಲದ ಬ್ಯಾಟರಿಗಳ ಅನುಭವವೂ ಒಂದು ಕಾರಣ.

ಈಗಿನ ಲಿಥಿಯಂ ಬ್ಯಾಟರಿಗಳ ನಡೆ ಬೇರೆ. ಇವುಗಳ ಸವಕಳಿಗೆ ಎರಡು ಕಾರಣಗಳಿವೆ. ಚಾರ್ಜ್ ಆಗಿ ಖಾಲಿಯಾಗುವ ಪ್ರತಿ ಸುತ್ತಿನಲ್ಲಿಯೂ ಆಗುವ ತೇಯ್ಮಾನ ಒಂದು. ಕಾರು ಓಡದೆ ನಿಂತಿದ್ದರೂ ಕಾಲ ಕಳೆದಂತೆ ಆಗುವ ತೇಯ್ಮಾನ ಇನ್ನೊಂದು. ಬ್ಯಾಟರಿಯ ಒಳಗಿನ ಗ್ರಾಫೈಟಿನ ಮೇಲೆ ತೆಳುವಾದ ಪೊರೆಯೊಂದು ಕಟ್ಟುತ್ತಾ ಹೋಗಿ, ವಿದ್ಯುತ್ತನ್ನು ಹೊತ್ತು ತರಬೇಕಾದ ಲಿಥಿಯಂ ಅದರಲ್ಲಿ ಸಿಕ್ಕಿಬೀಳುತ್ತದೆ. ಮೊದಲ ಒಂದೆರಡು ವರ್ಷ ಈ ನಷ್ಟ ತುಸು ವೇಗವಾಗಿದ್ದು, ಬಳಿಕ ನಿಧಾನವಾಗುತ್ತದೆ. ಕೆನಡಾದ ಜಿಯೋಟ್ಯಾಬ್ ಸಂಸ್ಥೆ 2020ರಲ್ಲಿ 6,000ಕ್ಕೂ ಹೆಚ್ಚು ವಾಹನಗಳ ಮಾಹಿತಿಯನ್ನು ಪರಿಶೀಲಿಸಿ, ಸರಾಸರಿ ಸವಕಳಿ ವರ್ಷಕ್ಕೆ ಶೇ. 2.3 ಎಂದು ಹೇಳಿತು. 2024ರ ಅದರ ಪರಿಶೀಲನೆಯಲ್ಲಿ ಈ ಪ್ರಮಾಣ ಶೇ. 1.8 ಇತ್ತು. ಈ ದರದಲ್ಲಿ ಎಂಟು ವರ್ಷಗಳ ನಂತರವೂ ಬ್ಯಾಟರಿಯ ಶೇ. 80ಕ್ಕಿಂತ ಹೆಚ್ಚು ಶಕ್ತಿ ಉಳಿದಿರುತ್ತದೆ.

ಆದರೆ ಇದು ಸರಾಸರಿ. ಬಿಸಿಲು ನಾಡಿನವರು ಸರಾಸರಿಯನ್ನು ನಂಬಿ ಕೂರುವಂತಿಲ್ಲ. ಶಾಖ ಹೆಚ್ಚಿದಂತೆ ಒಳಗಿನ ರಾಸಾಯನಿಕ ಕ್ರಿಯೆಗಳು ತ್ವರಿತವಾಗುತ್ತವೆ, ತೇಯ್ಮಾನವೂ ತ್ವರಿತವಾಗುತ್ತದೆ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಪ್ರಕರಣ ಇದಕ್ಕೆ ಸಾಕ್ಷಿ. 2010ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ನಿಸಾನ್ ಲೀಫ್ ಕಾರಿನ ಬ್ಯಾಟರಿಗೆ ದ್ರವದಿಂದ ತಂಪಾಗಿಸುವ ವ್ಯವಸ್ಥೆ ಇರಲಿಲ್ಲ. 2012ರ ಬೇಸಿಗೆಯಲ್ಲಿಯೇ ಅಲ್ಲಿನ ಮಾಲೀಕರು ತಮ್ಮ ಬ್ಯಾಟರಿಯ ಶಕ್ತಿ ಕುಗ್ಗಿದೆಯೆಂದು ದೂರಿದರು. ಅವರ ದೂರು ನಿಲ್ಲಲು ಒಂದು ಮುಖ್ಯ ಕಾರಣವಿತ್ತು. ಆ ಕಾರಿನ ಮುಂಫಲಕದಲ್ಲಿ ದೂರದ ಅಂಕಿಯಲ್ಲದೆ, ಬ್ಯಾಟರಿಯ ಒಟ್ಟು ಸಾಮರ್ಥ್ಯವನ್ನು ತೋರುವ 12 ಗೆರೆಗಳು ಪ್ರತ್ಯೇಕವಾಗಿ ಇದ್ದವು. ಗೆರೆ ಅಳಿದದ್ದು ಕಣ್ಣಿಗೆ ಕಾಣುತ್ತಿತ್ತು. ಕೊನೆಗೆ ಸಂಸ್ಥೆಯು ಐದು ವರ್ಷ ಅಥವಾ 60,000 ಮೈಲಿಗಳೊಳಗೆ ಗೆರೆಗಳು ಒಂಬತ್ತಕ್ಕಿಂತ ಕೆಳಗಿಳಿದರೆ ಸರಿಪಡಿಸಿಕೊಡುವ ಖಾತ್ರಿಯನ್ನು ನೀಡಿತು. ಅಂಥ ಗೆರೆಗಳು ಇರದಿದ್ದರೆ ಮಾಲೀಕರ ಮಾತು ಬರೀ ಮಾತಾಗಿ ಉಳಿಯುತ್ತಿತ್ತು.

ಇಂದಿನ ಹಲವು ಕಾರುಗಳಲ್ಲಿ ದ್ರವದ ತಂಪುಗೊಳಿಸುವಿಕೆ ಇರುವುದರಿಂದ ಫೀನಿಕ್ಸ್‌ನ ಸ್ಥಿತಿ ಕಲಬುರಗಿ ಜಿಲ್ಲೆಯಲ್ಲಿ ಮರುಕಳಿಸಬೇಕೆಂದಿಲ್ಲ. ಕೊಳ್ಳುವಾಗ ಆ ವ್ಯವಸ್ಥೆ ಇದೆಯೇ ಎಂದು ಕೇಳುವುದು ಈ ಭಾಗದವರಿಗೆ ಮೊದಲ ಪ್ರಶ್ನೆಯಾಗಬೇಕು. ಪೂರ್ಣ ಚಾರ್ಜ್ ಮಾಡಿದ ಕಾರನ್ನು ದಿನಗಟ್ಟಲೆ ಬಿಸಿಲಿನಲ್ಲಿ ನಿಲ್ಲಿಸುವುದು, ಅಗತ್ಯವಿಲ್ಲದಿದ್ದರೂ ನಿತ್ಯ ಅತಿವೇಗದ ಚಾರ್ಜಿಂಗ್ ಬಳಸುವುದು ಬ್ಯಾಟರಿಗೆ ಹಾನಿಕರ. ನಿಕ್ಕಲ್ ಬಳಸಿದ ಬ್ಯಾಟರಿಗಳನ್ನು ದಿನನಿತ್ಯ ಶೇ. 80ರವರೆಗೆ ಚಾರ್ಜ್ ಮಾಡಿದರೆ ಸಾಕು. ಲಿಥಿಯಂ ಕಬ್ಬಿಣ ಫಾಸ್ಫೇಟಿನ ಬ್ಯಾಟರಿಗಳು ಹೆಚ್ಚು ಸುತ್ತುಗಳನ್ನು ತಾಳುತ್ತವೆ. ಆದರೆ ಅವುಗಳಲ್ಲಿ ಉಳಿದ ಚಾರ್ಜನ್ನು ಗಣಕವು ನಿಖರವಾಗಿ ಅಳೆಯುವುದು ಕಷ್ಟ. ಆದ್ದರಿಂದ ಅವುಗಳನ್ನು ಆಗಾಗ ಶೇ. 100ಕ್ಕೆ ತುಂಬಿಸಬೇಕೆಂದು ತಯಾರಕರು ಸೂಚಿಸುತ್ತಾರೆ.

ತಾಲ್ಲೂಕಿನ ವರ್ತಕನ ಲೆಕ್ಕ

ಹೊಸ ಕಾರಿನ ಇಂದಿನ ಓಟವನ್ನು ನೋಡಿ ಕೊಳ್ಳುವುದಕ್ಕಿಂತ, ಎಂಟು ವರ್ಷದ ನಂತರದ ಕಡುಬೇಸಿಗೆಯ ಒಂದು ದಿನವನ್ನು ಲೆಕ್ಕ ಹಾಕಿ ಕೊಳ್ಳುವುದು ಲೇಸು. 30 ಯೂನಿಟ್‌ನ ಬ್ಯಾಟರಿ ಎಂಟು ವರ್ಷದಲ್ಲಿ, ಬಿಸಿಲಿನ ಕಾರಣಕ್ಕೆ ಸರಾಸರಿಗಿಂತ ಹೆಚ್ಚೇ ಸವೆದು, ಶೇ. 75ಕ್ಕೆ ಬಂದಿತೆಂದರೆ ಉಳಿಯುವುದು 22.5 ಯೂನಿಟ್. ಅದರಲ್ಲಿ ಶೇ. 15ನ್ನು ಆಪತ್ಕಾಲಕ್ಕೆ ಬಿಟ್ಟರೆ ಕೈಗೆ ಸಿಗುವುದು 19 ಯೂನಿಟ್. ಎ.ಸಿ. ಹಾಕಿ 100 ಕಿ.ಮೀ.ಗೆ 16 ಯೂನಿಟ್ ಖರ್ಚಾದರೆ ಕಾರು ಸುಮಾರು 119 ಕಿ.ಮೀ. ಓಡುತ್ತದೆ.

ಆಳಂದ ಅಥವಾ ಜೇವರ್ಗಿಯ ವರ್ತಕನಿಗೆ 80 ಕಿ.ಮೀ. ಹೋಗಿಬಂದು, ಕಲಬುರಗಿಯೊಳಗೆ 20 ಕಿ.ಮೀ. ಸುತ್ತಾಡಿದರೂ ಇದು ಸಾಕು. ಅಫಜಲಪುರದವನಿಗೆ ಸಾಲದು. ಅವನು ಕಲಬುರಗಿಯಲ್ಲಿ ಕೆಲಸ ಮುಗಿಯುವಷ್ಟರಲ್ಲಿ ಒಂದಿಷ್ಟು ಚಾರ್ಜ್ ಮಾಡಿಕೊಳ್ಳಬೇಕು, ಇಲ್ಲವೇ 40 ಯೂನಿಟ್‌ನ ಬ್ಯಾಟರಿಯನ್ನು ಆರಿಸಬೇಕು. 40 ಯೂನಿಟ್‌ಗೆ ಇದೇ ಲೆಕ್ಕ ಹಾಕಿದರೆ 159 ಕಿ.ಮೀ. ದೊರೆಯುತ್ತದೆ. ಈ ಸರಳ ಗುಣಾಕಾರದಿಂದ ಎರಡು ಬಗೆಯ ನಷ್ಟ ತಪ್ಪುತ್ತದೆ. ಜಾಹೀರಾತಿನ ಅಂಕಿಯನ್ನು ನಂಬಿ ಚಿಕ್ಕ ಬ್ಯಾಟರಿ ಕೊಂಡು ದಾರಿಯಲ್ಲಿ ನಿಲ್ಲುವುದು ಒಂದು ನಷ್ಟ. ಭಯಪಟ್ಟು ಅಗತ್ಯಕ್ಕಿಂತ ದೊಡ್ಡ ಬ್ಯಾಟರಿ ಕೊಂಡು, ಅಂಗಡಿಯಲ್ಲಿ ತಿರುಗಬೇಕಾದ ಬಂಡವಾಳವನ್ನು ಅಂಗಳದಲ್ಲಿ ನಿಲ್ಲಿಸುವುದು ಇನ್ನೊಂದು ನಷ್ಟ.

ಬ್ಯಾಟರಿಯನ್ನು ತೂಗುವ ಬಗೆ

ಸವಕಳಿಯನ್ನು ಅಳೆಯಲು ದೊಡ್ಡ ಉಪಕರಣ ಬೇಕಾಗಿಲ್ಲ. ಮನೆಯ ಚಾರ್ಜರಿಗೆ ಪ್ರತ್ಯೇಕ ಉಪಮೀಟರ್ ಒಂದಿದ್ದರೆ ಸಾಕು. ಕಾರಿನ ಚಾರ್ಜ್ ಶೇ. 20ಕ್ಕೆ ಇಳಿದಾಗ ಮೀಟರಿನ ಅಂಕಿ ಬರೆದುಕೊಂಡು, ನಿಧಾನದ ಚಾರ್ಜರಿನಲ್ಲಿ ಶೇ. 100ರವರೆಗೆ ತುಂಬಿಸಿ, ಮತ್ತೆ ಅಂಕಿ ಬರೆದುಕೊಳ್ಳಬೇಕು. 30 ಯೂನಿಟ್‌ನ ಹೊಸ ಬ್ಯಾಟರಿಗೆ, ಚಾರ್ಜಿಂಗ್‌ನಲ್ಲಿ ಆಗುವ ಸೋರಿಕೆಯೂ ಸೇರಿ, ಸುಮಾರು 27 ಯೂನಿಟ್ ಹಿಡಿಯಬಹುದು. ಎರಡು ವರ್ಷ ಬಿಟ್ಟು ಅದೇ ತಿಂಗಳಲ್ಲಿ, ಅದೇ ಚಾರ್ಜರಿನಲ್ಲಿ ಹೀಗೆಯೇ ಮಾಡಿದಾಗ 25.5 ಯೂನಿಟ್ ಹಿಡಿದರೆ ಸವಕಳಿ ಶೇ. 5ರಿಂದ 6ರಷ್ಟಾಗಿದೆ ಎಂದು ತಿಳಿಯಬಹುದು. ಒಂದೇ ಸಲದ ಅಳತೆಯಲ್ಲಿ ಹೆಚ್ಚುಕಡಿಮೆ ಇರುವುದರಿಂದ ವರ್ಷಕ್ಕೆ ಎರಡು ಸಲ ಅಳೆದು ವಹಿಯಲ್ಲಿ ಬರೆದಿಡುವುದು ಒಳಿತು. ಇಂಥ ವಹಿಯು ವಾರಂಟಿಯ ಕಾಲಕ್ಕೂ ಮಾರಾಟದ ಕಾಲಕ್ಕೂ ಆಧಾರವಾಗುತ್ತದೆ.

ಮಾರಾಟದ ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಹಳೆಯ ಪೆಟ್ರೋಲ್ ಕಾರಿನ ಬೆಲೆಯನ್ನು ಓಡಿದ ಕಿಲೋಮೀಟರು ಮತ್ತು ಇಂಜಿನ್ನಿನ ಸದ್ದು ನಿರ್ಧರಿಸುತ್ತವೆ. ಹಳೆಯ ವಿದ್ಯುತ್ ಕಾರಿನ ಬೆಲೆಯನ್ನು ನಿರ್ಧರಿಸಬೇಕಾದದ್ದು ಬ್ಯಾಟರಿಯಲ್ಲಿ ಉಳಿದ ಸಾಮರ್ಥ್ಯ. ಅದು ತಿಳಿಯದಿದ್ದಾಗ ಕೊಳ್ಳುವವನು ಕನಿಷ್ಠ ಬೆಲೆಯನ್ನೇ ಹೇಳುತ್ತಾನೆ. ಚೆನ್ನಾಗಿ ಕಾಪಾಡಿಕೊಂಡವನೂ ಕೆಡಿಸಿಕೊಂಡವನೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತಾರೆ. ಬಳಸಿದ ವಾಹನಗಳ ವ್ಯಾಪಾರಿಗಳ ಲಾಭಾಂಶದ ಮೇಲಿನ ಜಿಎಸ್‌ಟಿಯನ್ನು, ವಿದ್ಯುತ್ ಕಾರುಗಳೂ ಸೇರಿದಂತೆ, ಶೇ. 18 ಮಾಡಲು 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ತೀರ್ಮಾನಿಸಿತು. ತೆರಿಗೆಯ ಭಾರದ ಜೊತೆಗೆ ಅನುಮಾನದ ಭಾರವೂ ಸೇರಿದರೆ ಈ ವ್ಯಾಪಾರ ಬೆಳೆಯುವುದು ಕಷ್ಟ.

ತಯಾರಕರು ಈ ಭಯವನ್ನು ಅರಿತಿದ್ದಾರೆ. ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಸಾಮಾನ್ಯವಾಗಿದೆ. ಮಹೀಂದ್ರಾ, ಟಾಟಾ ಮತ್ತು ಎಂಜಿ ಸಂಸ್ಥೆಗಳು ಕೆಲವು ಮಾದರಿಗಳಿಗೆ ಮೊದಲ ಮಾಲೀಕನಿಗೆ ಅನ್ವಯಿಸುವಂತೆ ಜೀವಿತಾವಧಿ ವಾರಂಟಿಯನ್ನೂ ಪ್ರಕಟಿಸಿವೆ. 2024ರ ಸೆಪ್ಟೆಂಬರಿನಲ್ಲಿ ಬಂದ ಎಂಜಿ ವಿಂಡ್ಸರ್ ಕಾರನ್ನು ಬ್ಯಾಟರಿಯ ಬೆಲೆ ಬಿಟ್ಟು 9.99 ಲಕ್ಷ ರೂಪಾಯಿಗೆ ಕೊಟ್ಟು, ಬ್ಯಾಟರಿಗೆ ಕಿಲೋಮೀಟರಿಗೆ 3.50 ರೂಪಾಯಿಯಂತೆ ಬಾಡಿಗೆ ಪಡೆಯುವ ಯೋಜನೆಯೂ ಬಂದಿತು. ಇವೆಲ್ಲ ಸ್ವಾಗತಾರ್ಹ. ಆದರೆ ಖಾತ್ರಿಪತ್ರವನ್ನು ಓದುವಾಗ ಮೂರು ಅಂಶಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು: ಸಾಮರ್ಥ್ಯ ಶೇಕಡಾ ಎಷ್ಟಕ್ಕಿಂತ ಕೆಳಗಿಳಿದರೆ ವಾರಂಟಿ ಅನ್ವಯಿಸುತ್ತದೆ, ಅದನ್ನು ಯಾರು ಹೇಗೆ ಅಳೆಯುತ್ತಾರೆ, ಮತ್ತು ಎರಡನೆಯ ಮಾಲೀಕನಿಗೆ ಉಳಿಯುವುದೇನು. ವಾಹನವನ್ನು ಸಂಸ್ಥೆಯ ಹೆಸರಿನಲ್ಲಿ ಕೊಳ್ಳುವ ವರ್ತಕರು ಖಾಸಗಿ ಬಳಕೆಯ ಷರತ್ತನ್ನೂ ನೋಡಿಕೊಳ್ಳಬೇಕು.

ಮುದ್ರೆಯಿಲ್ಲದ ತಕ್ಕಡಿ

ಮಾರುಕಟ್ಟೆಯ ಪ್ರತಿ ತಕ್ಕಡಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ನಿಗದಿತ ಅವಧಿಗೊಮ್ಮೆ ಪರೀಕ್ಷೆಯಾಗದ ತಕ್ಕಡಿಯಲ್ಲಿ ಒಂದು ಕಿಲೋ ತೊಗರಿ ತೂಗಿದರೂ ಅದು ಅಪರಾಧ. ಹೀಗಿರುವಾಗ ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಪಡೆಯುವ ಬ್ಯಾಟರಿಯ ಸಾಮರ್ಥ್ಯವನ್ನು ಮಾಲೀಕನಿಗೆ ತೋರಿಸಲೇಬೇಕೆಂಬ ಕಟ್ಟುಪಾಡು ಇರಬೇಕಾದದ್ದು ನ್ಯಾಯ. ವಿಶ್ವಸಂಸ್ಥೆಯ ವಾಹನ ನಿಯಮಗಳ ವೇದಿಕೆ 2022ರ ಮಾರ್ಚಿನಲ್ಲಿ ಅಂಗೀಕರಿಸಿದ 22ನೆಯ ಜಾಗತಿಕ ತಾಂತ್ರಿಕ ನಿಯಮವು ಈ ದಿಕ್ಕಿನಲ್ಲಿದೆ. ಐದು ವರ್ಷ ಅಥವಾ ಒಂದು ಲಕ್ಷ ಕಿ.ಮೀ.ಗೆ ಕನಿಷ್ಠ ಶೇ. 80, ಎಂಟು ವರ್ಷ ಅಥವಾ 1,60,000 ಕಿ.ಮೀ.ಗೆ ಕನಿಷ್ಠ ಶೇ. 70 ಸಾಮರ್ಥ್ಯ ಉಳಿದಿರಬೇಕೆಂದೂ, ಉಳಿದ ಸಾಮರ್ಥ್ಯದ ಮಾಹಿತಿ ವಾಹನದಲ್ಲಿ ಮಾಲೀಕನಿಗೆ ದೊರೆಯಬೇಕೆಂದೂ ಅದು ಹೇಳುತ್ತದೆ. 2024ರಲ್ಲಿ ಅಂಗೀಕಾರವಾದ ಯುರೋಪಿನ ಯೂರೋ 7 ನಿಯಮದಲ್ಲಿ ಎಂಟು ವರ್ಷದ ಮಿತಿ ಶೇ. 72 ಇದೆ. ಈ ಜಾಗತಿಕ ನಿಯಮಗಳ 1998ರ ಒಪ್ಪಂದಕ್ಕೆ ಭಾರತವೂ 2006ರಿಂದ ಸದಸ್ಯ. ಆದ್ದರಿಂದ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಇದನ್ನು ಇಲ್ಲಿಯೂ ಕಡ್ಡಾಯಗೊಳಿಸಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ.

ಸವಕಳಿಯ ಅಂಕಿಯನ್ನು ಬಹಿರಂಗವಾಗಿ ತೋರಿಸಿದರೆ ಗ್ರಾಹಕ ಹೆದರುತ್ತಾನೆಂಬ ವಾದ ವಾಹನ ವಿತರಕರಲ್ಲಿ ಮೂಡಬಹುದು. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಮೊದಲ ವರ್ಷವೇ ಶೇ. 97 ಎಂದು ಕಂಡರೆ ಮನಸ್ಸು ಕದಡುವುದು ಸಹಜ. ಆದರೆ ಗ್ರಾಹಕ ಈಗ ಹೆದರುತ್ತಿರುವುದು ಅಂಕಿ ಕಾಣುವುದರಿಂದಲ್ಲ, ಕಾಣದಿರುವುದರಿಂದ. ವರ್ಷಕ್ಕೆ ಶೇ. 2 ಎಂದು ತಿಳಿದ ಸವಕಳಿಗೆ ಬೆಲೆ ಕಟ್ಟಬಹುದು, ಸಾಲ ಕೊಡಬಹುದು, ವಿಮೆ ಮಾಡಬಹುದು. ತಿಳಿಯದ ಸವಕಳಿಗೆ ಇವ್ಯಾವುವೂ ಸಾಧ್ಯವಿಲ್ಲ.

ದೆಹಲಿಯ ನಿಯಮ ಬರುವವರೆಗೆ ಕಾಯಬೇಕಾಗಿಲ್ಲ. ಜಿಲ್ಲೆಯ ವಾಹನ ವಿತರಕರು ಹೊಸ ಕಾರಿನ ಜೊತೆಗೂ ವಾರ್ಷಿಕ ಸರ್ವೀಸಿನ ಜೊತೆಗೂ ಬ್ಯಾಟರಿ ಸಾಮರ್ಥ್ಯದ ಲಿಖಿತ ಪತ್ರ ಕೊಡುವ ಪದ್ಧತಿಯನ್ನು ತಾವಾಗಿಯೇ ಆರಂಭಿಸಬಹುದು. ಬ್ಯಾಂಕುಗಳು ಹಳೆಯ ವಿದ್ಯುತ್ ಕಾರಿಗೆ ಸಾಲ ಕೊಡುವಾಗ ಆ ಪತ್ರವನ್ನು ಕೇಳಬಹುದು. ವಾಣಿಜ್ಯ ಮಂಡಳಿಯು ವಿತರಕರನ್ನೂ ಬ್ಯಾಂಕುಗಳನ್ನೂ ಜೆಸ್ಕಾಂ ಅಧಿಕಾರಿಗಳನ್ನೂ ಒಂದೆಡೆ ಸೇರಿಸಿ, ಪತ್ರದ ನಮೂನೆಯೊಂದನ್ನು ಒಪ್ಪಿಸಿದರೆ ಅದು ತಾಲ್ಲೂಕಿನ ಕೊನೆಯ ಗ್ರಾಹಕನಿಗೂ ಉಪಯೋಗವಾಗುತ್ತದೆ. ತಾಲ್ಲೂಕಿನ ವರ್ತಕರೂ ಮುಂಫಲಕದ ಅಂಕಿಯನ್ನು ಆ ದಿನದ ದಾರಿಗೆ ಮಾತ್ರ ಬಳಸಿ, ಖರೀದಿ, ವಾರಂಟಿ ಮತ್ತು ಮಾರಾಟದ ಮಾತಿಗೆ ಉಳಿದ ಸಾಮರ್ಥ್ಯದ ಲೆಕ್ಕವನ್ನೇ ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು. ಕೇಳುವ ಗ್ರಾಹಕರು ಹೆಚ್ಚಿದಂತೆ ಕೊಡುವ ವ್ಯಾಪಾರಿಗಳೂ ಹೆಚ್ಚುತ್ತಾರೆ.